ಅಕ್ಕನ ಕಾರಿಗೆ ತುಂಬಿಸಿದ ತಂಪು

ಈ ಲೋಕದಲ್ಲಿ ನಾನು ರಿಪೇರಿ ಮಾಡದೆ ಬಿಟ್ಟಿರುವುದು ಸೂರ್ಯನೊಂದನ್ನೇ. ಅದೂ ಏಣಿ ಸಾಲದೆ. ಮಿಕ್ಕಂತೆ ನಮ್ಮ ಬೀದಿಯ ಮೂವತ್ತೆರಡು ಮನೆಗಳಲ್ಲಿ ನನ್ನ ಸ್ಕ್ರೂಡ್ರೈವರ್ ಕಾಣದ ಯಂತ್ರವಿಲ್ಲ. ಮಿಕ್ಸಿ, ಫ್ಯಾನು, ಗೋಡೆ ಗಡಿಯಾರ, ಯಾವುದಾದರೂ ಸರಿ, ನಾನು ಹತ್ತಿರ ಬಂದರೆ ಹೆದರಿಕೊಂಡೇ ಓಡಲು ಶುರುಮಾಡುತ್ತವೆ. ಒಮ್ಮೆ ದರ್ಜಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಕೊಟ್ಟೆ. ಅದು ಎಂಥ ವೇಗ ಹಿಡಿಯಿತೆಂದರೆ, ಬೆಳಗ್ಗೆ ಕರವಸ್ತ್ರ ಹೊಲಿಯಲು ಕೂತ ಪುಣ್ಯಾತ್ಮ ಸಂಜೆ ಎದ್ದು ನೋಡಿದರೆ ಒಂದು ಸರ್ಕಸ್ಸಿಗಾಗುವಷ್ಟು ಡೇರೆ ಹೊಲಿದಿಟ್ಟಿದ್ದ. ಬೀದಿಯವರು ನನಗೆ ಡಂಗುರ ಎಂದು ಹೆಸರಿಟ್ಟಿದ್ದಾರೆ. ಹೊಟ್ಟೆಕಿಚ್ಚು, ಬೇರೇನಲ್ಲ.

ಆದರೆ ಅಕ್ಕನ ಕಾರಿನ ವಿಷಯ ಬಂದಾಗ ಈ ನಾಲಗೆಯೂ ಸ್ವಲ್ಪ ತಡವರಿಸುತ್ತದೆ.

ಕಾರು ಭಾವನದು. ಭಾವ ತೀರಿಕೊಂಡ ಮೇಲೆ ಅಕ್ಕನದಾಯಿತು. ಇಪ್ಪತ್ತಮೂರು ವರ್ಷ ವಯಸ್ಸಿನ, ಬೂದಿ ಬಣ್ಣದ, ಬಾಗಿಲು ಮುಚ್ಚಿದರೆ ತಗಡಿನ ಡಬ್ಬಿಯಂತೆ ಸದ್ದು ಮಾಡುವ ಗಾಡಿ. ಇಂಜಿನ್ನು ಗಟ್ಟಿ, ಎ.ಸಿ. ಮಾತ್ರ ನಾಲ್ಕು ವರ್ಷದಿಂದ ಬಿಸಿಗಾಳಿ ಊದುತ್ತಿತ್ತು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಹದಿನಾಲ್ಕನೇ ನಂಬರಿನ ಮಗ್ಗ ನಡೆಸಿದವಳು. ನನ್ನ ಓದು, ಬಟ್ಟೆ, ಮೊದಲ ಸ್ಕ್ರೂಡ್ರೈವರ್, ಎಲ್ಲ ಆ ಮಗ್ಗದಿಂದಲೇ ಬಂದದ್ದು. ಆರು ವರ್ಷದ ಹಿಂದೆ ಅವಳಿಗೆ ನರದ ಕಾಯಿಲೆ ಹಿಡಿಯಿತು. ತಂಪಿನಲ್ಲಿದ್ದರೆ ಏನೂ ಇಲ್ಲ, ಕೋಲು ಹಿಡಿದು ಅಂಗಳ ದಾಟುತ್ತಾಳೆ, ನನಗೆ ಬೈಯುತ್ತಾಳೆ. ಮೈ ಬಿಸಿಯಾದರೆ ಮಾತ್ರ ಕಣ್ಣು ಮಂಜಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಹಾಗಾಗಿ ಹಗಲೆಲ್ಲ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ ಕೋಣೆಯಲ್ಲೇ ಇರುತ್ತಿದ್ದಳು.

ಬೇಸಿಗೆಯ ಶುರುವಿನಲ್ಲಿ ಗಿರಣಿಯಿಂದ ಕಾಗದ ಬಂತು. ಗಿರಣಿ ಮುಚ್ಚುತ್ತಿದೆ. ಮಗ್ಗಗಳೆಲ್ಲ ಗುಜರಿಗೆ ಹೋಗಿಯಾಗಿದೆ, ಚಾಲೂ ಸ್ಥಿತಿಯಲ್ಲಿ ಉಳಿದಿರುವುದು ಹದಿನಾಲ್ಕನೆಯದೊಂದೇ. ಇಪ್ಪತ್ತನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಹಳಬರೆಲ್ಲ ಸೇರಿ ಅದನ್ನು ಕೊನೆಯ ಸಲ ಓಡಿಸುತ್ತೇವೆ, ನಿಲ್ಲಿಸುವ ಹಿಡಿಯನ್ನು ನೀವೇ ಎಳೆಯಬೇಕು, ಎಂದಿತ್ತು.

ಅಕ್ಕ ಕಾಗದವನ್ನು ಮೂರು ಸಲ ಓದಿಸಿದಳು. ಆಮೇಲೆ ಬಲಗೈಯನ್ನು ಗಾಳಿಯಲ್ಲಿ ಒಮ್ಮೆ ಎಳೆದು ನೋಡಿಕೊಂಡಳು.

"ನಾಲ್ಕು ಗಂಟೆ ದಾರಿ," ಎಂದಳು ಅವಳ ಮಗಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಲೆಕ್ಕಾಚಾರದ ಮಾತಾಡಿ ಅಭ್ಯಾಸವಾದ ಹುಡುಗಿ. "ನಾನು ಎ.ಸಿ. ಇರೋ ಟ್ಯಾಕ್ಸಿಗೆ ಹೇಳಿಬಿಟ್ಟಿದ್ದೀನಿ ಮಾಮ. ಬೆಳಗ್ಗೆ ಐದಕ್ಕೇ ಹೊರಡೋದು."

"ಟ್ಯಾಕ್ಸಿನಾ?" ಎಂದೆ. ಯಾರೋ ಕೆನ್ನೆಗೆ ಹೊಡೆದ ಹಾಗಾಗಿತ್ತು. "ನಾನು ಬದುಕಿದ್ದೀನಿ ಕಣಮ್ಮ ಇನ್ನೂ! ನಿಮ್ಮಪ್ಪನ ಕಾರಲ್ಲೇ ಕರ್ಕೊಂಡು ಹೋಗ್ತೀನಿ ನಿಮ್ಮಮ್ಮನ್ನ. ಒಳಗೆ ಎಂಥ ಥಂಡಿ ಮಾಡ್ತೀನಿ ಅಂದ್ರೆ, ಸ್ವೆಟರ್ ಹಾಕ್ಕೊಂಡು ಬಾ. ಐದಕ್ಕೆ ಕಳ್ಳರ ಥರ ಯಾಕೆ ಓಡಬೇಕು? ತಿಂಡಿ ತಿಂದು ಎಂಟಕ್ಕೆ ಹೊರಡೋಣ, ಮಹಾರಾಣಿ ಸವಾರಿ!"

"ಅಮ್ಮಾ, ನೀನೇ ಹೇಳು ಇವರಿಗೆ."

ಅಕ್ಕ ನನ್ನನ್ನೇ ನೋಡಿದಳು. "ಆಗುತ್ತೇನೋ ನಿನ್ನ ಕೈಲಿ?"

"ಅಕ್ಕಾ!" ಎಂದೆ ನಾನು, ಅಷ್ಟೇ.

"ನಿನ್ನ ಭಾವನ ಕಾರಲ್ಲಿ ಹೋದ್ರೆ ಚೆನ್ನಾಗಿರುತ್ತೆ," ಎಂದಳು. ಟ್ಯಾಕ್ಸಿ ಬೇಡವೆಂದು ಫೋನ್ ಮಾಡಿದವನು ನಾನೇ.

ಕೆಲಸಕ್ಕೆ ಬೇಕಾದ ಪಂಪು, ಮೀಟರು ಕೊಟ್ಟವನು ಫ್ರಿಜ್ಜಣ್ಣ. ಮೂಲೆ ಅಂಗಡಿಯಲ್ಲಿ ಫ್ರಿಜ್ಜು ರಿಪೇರಿ ಮಾಡುವವನು, ನನ್ನ ಜೊತೆ ಓದಿದವನು. ದಿನಕ್ಕೆ ಹತ್ತು ಮಾತಾಡಿದರೆ ಹನ್ನೊಂದನೆಯದಕ್ಕೆ ಸುಸ್ತಾಗುವ ಮನುಷ್ಯ. "ನಾನೇ ಬಂದು ಮಾಡಿಕೊಡ್ತೀನಿ," ಎಂದ. ನಾನು ಬಿಡಲಿಲ್ಲ. ಕೊನೆಗೆ ಸಾಮಾನು ಕೈಗಿಟ್ಟು, ಬೆರಳು ಮಡಚಿ ಮಡಚಿ ಹೇಳಿದ: "ಹಳೇ ರಬ್ಬರ್ ರಿಂಗ್ ಎಲ್ಲ ಬದಲಾಯ್ಸು. ಒಂದು ಗಂಟೆ ಪಂಪ್ ಓಡಿಸಿ ಒಳಗಿನ ಗಾಳಿ ಪೂರ್ತಿ ತೆಗಿ. ಇನ್ನೊಂದು ಗಂಟೆ ಮುಳ್ಳು ಅಲ್ಲಾಡುತ್ತಾ ನೋಡು. ಆಮೇಲೆ ಗ್ಯಾಸ್. ಆರುನೂರೈವತ್ತು ಗ್ರಾಂ, ತೂಕ ಹಾಕಿ. ತುಂಬಿಸಿದ ಮೇಲೆ ಪೈಪ್ ಕಳಚು, ಮುಚ್ಚಳ ಹಾಕು, ಮರೆತುಬಿಡು."

"ಮರೆಯೋದು ಯಾಕೆ?"

"ಮರೆತುಬಿಡು ಅಷ್ಟೇ," ಎಂದ.

ಆ ಭಾನುವಾರ ನಾನು ಮಾಡಿದ ಕೆಲಸ ನೋಡಲು ನೀವಿರಬೇಕಿತ್ತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮುಂದಿನ ಜಾಲರಿ ತೊಳೆದೆ. ಭಾವ ಓಡಿಸಿದ ಅಷ್ಟೂ ವರ್ಷದ ಒಣಎಲೆ, ಚಿಟ್ಟೆ, ಜೀರುಂಡೆ ಅದರಲ್ಲಿ ಸಿಕ್ಕಿಕೊಂಡಿದ್ದವು. ಸಂದುಸಂದಿನಲ್ಲಿ ಬೆಣ್ಣೆಗಿಂತ ಮೆತ್ತಗೆ ಬ್ರಷ್ ಆಡಿಸಿದೆ. ಒಣಗಿ ಬಿರಿದಿದ್ದ ರಬ್ಬರ್ ರಿಂಗುಗಳನ್ನು ಒಂದೊಂದಾಗಿ ಬಿಡಿಸಿ, ಹೊಸವಕ್ಕೆ ಎಣ್ಣೆ ಸವರಿ ಕೂರಿಸಿದೆ. ತೇವ ಹೀರುವ ಉದ್ದನೆಯ ಬಾಟಲಿ ಬದಲಾಯಿಸಿದೆ. ಪಂಪು ಒಂದು ಗಂಟೆ ಗುರುಗುಟ್ಟಿತು. ಮುಳ್ಳು ಸೊನ್ನೆಯ ಕೆಳಗಿಳಿದು, ಇನ್ನೊಂದು ಗಂಟೆ ಕಾದರೂ ಕೂದಲೆಳೆಯಷ್ಟು ಅಲ್ಲಾಡಲಿಲ್ಲ. ಆಮೇಲೆ ಗ್ಯಾಸಿನ ಡಬ್ಬಿಯನ್ನು ಅಕ್ಕನ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಒಂದೊಂದು ಗ್ರಾಮಿಗೂ ಉಸಿರು ಬಿಗಿಹಿಡಿದು ತುಂಬಿಸಿದೆ. ಆರುನೂರೈವತ್ತು. ಮೇಲೊಂದಿಲ್ಲ, ಕೆಳಗೊಂದಿಲ್ಲ.

ಎ.ಸಿ. ಹಾಕಿದೆ. ಕಂಪ್ರೆಸರ್ ಟಕ್ ಎಂದು ಹಿಡಿಯಿತು. ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿದರೆ ಆರು ಡಿಗ್ರಿ! ಒಳಗೆ ಕೂತ ದರ್ಜಿಯ ಮೀಸೆಯಲ್ಲಿ ಮಂಜು ಕಟ್ಟಿತು. ಹಿಂದಿನ ಸೀಟಿನಲ್ಲಿ ಒಂದು ಹಿಮಕರಡಿ ಮರಿ ಹಾಕಿತು ಎಂದು ನಾನು ಆಮೇಲೆ ಹೇಳಿದ್ದುಂಟು. ಅದನ್ನು ಬೇಕಾದರೆ ನಂಬಬೇಡಿ. ಆರು ಡಿಗ್ರಿ ಮಾತ್ರ ನಿಜ.

ಅಲ್ಲಿಗೆ ಪೈಪ್ ಕಳಚಿ, ಮುಚ್ಚಳ ಹಾಕಿ, ಮರೆತುಬಿಡಬೇಕಿತ್ತು. ಪೈಪೇನೋ ಕಳಚಿದೆ. ಅಷ್ಟರಲ್ಲಿ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಬಂದರು.

"ಏನಯ್ಯಾ ಡಂಗುರ, ತಣ್ಣಗಾಯ್ತಂತೆ ಗಾಡಿ? ನಾವು ನೋಡೋ ಹಾಗಿಲ್ವೋ?"

ಮೀಟರಿನಲ್ಲಿ ಎರಡು ಗಡಿಯಾರದಂಥ ಮುಖಗಳಿರುತ್ತವೆ, ಒಂದು ನೀಲಿ, ಒಂದು ಕೆಂಪು. ಎರಡು ಪೈಪನ್ನು ಕಾರಿನ ಎರಡು ಬಾಯಿಗೆ ಸಿಕ್ಕಿಸಿ ಎ.ಸಿ. ಹಾಕಿದರೆ, ನೀಲಿಯ ಮುಳ್ಳು ಇಳಿಯುತ್ತದೆ, ಕೆಂಪಿನದು ಏರುತ್ತದೆ. ನೋಡುವವರಿಗೆ ಜಾದೂ. ನಾನು ಪೈಪನ್ನು ಮತ್ತೆ ಸಿಕ್ಕಿಸಿದೆ. "ನೋಡಿ ಮೇಷ್ಟ್ರೇ, ಇದು ಕಾರಿನ ನಾಡಿ. ಈ ಬೀದಿಯಲ್ಲಿ ನಾಡಿ ಹಿಡಿಯಬಲ್ಲವನು ನಾನೊಬ್ಬನೇ." ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. ಪೈಪ್ ಕಳಚುವಾಗ ಪುಸ್ ಎಂದು ಒಂದಿಷ್ಟು ಬಿಳಿ ಹೊಗೆ ಹಾರಿತು. "ಅದೇನು?" ಎಂದರು. "ಕಾರು ನಿಮಗೆ ನಮಸ್ಕಾರ ಹೇಳ್ತಿದೆ," ಎಂದೆ.

ಅಂದಿನಿಂದ ಹನ್ನೆರಡು ದಿನ ನಮ್ಮ ಬಾಗಿಲಲ್ಲಿ ಜಾತ್ರೆ. ದರ್ಜಿ, ದರ್ಜಿಯ ಷಡ್ಡಕ, ಹಾಲಿನವನು, ಪೇಪರ್ ಹಾಕುವವನು, ಲಾಂಡ್ರಿಯವನು. ಬಂದವರಿಗೆಲ್ಲ ನಾಡಿ ತೋರಿಸಿದೆ. ಕಾರಿನ ಆ ಎರಡು ಬಾಯಿಗಳ ಹಸಿರು ಮುಚ್ಚಳಗಳಲ್ಲಿ ಒಂದು ಯಾವ ದಿನ ಎಲ್ಲಿ ಉರುಳಿತೋ ತಿಳಿಯಲಿಲ್ಲ. ಮುಚ್ಚಳದ ಹಂಗು ನನಗೇಕೆ ಎಂದುಕೊಂಡೆ.

ಒಂದು ಸಂಜೆ, ಬಿಸಿಲು ಪೂರ್ತಿ ಇಳಿದ ಮೇಲೆ, ಅಕ್ಕನೂ ಕೋಲೂರಿಕೊಂಡು ಹೊರಗೆ ಬಂದಳು. "ಊರಿಗೆಲ್ಲ ತೋರಿಸ್ತೀಯ, ನನಗೂ ಒಂದ್ಸಲ ತೋರಿಸೋ." ತೋರಿಸಿದೆ. ಬಾಗಿ ಮುಳ್ಳನ್ನೇ ನೋಡಿದಳು. "ನಮ್ಮ ಗಿರಣಿ ಬಾಯ್ಲರಿಗೂ ಹಿಂಗೇ ಮುಳ್ಳಿತ್ತು. ಅದು ಏರಿದ್ ಕೂಡ್ಲೆ ಹುಡುಗೀರೆಲ್ಲ ಸೆರಗು ಸಿಕ್ಕಿಸಿ ಮಗ್ಗಕ್ಕೆ ನಿಲ್ತಿದ್ವಿ," ಎಂದಳು. ಆಮೇಲೆ ಕಾರಿನೊಳಗೆ ಐದು ನಿಮಿಷ ಕಣ್ಣು ಮುಚ್ಚಿ ಕೂತಳು. "ಜಾಣ ಕಣೋ ನೀನು," ಎಂದಳು. ಅಕ್ಕ ನನ್ನನ್ನು ಜಾಣ ಎಂದದ್ದು ಜೀವನದಲ್ಲಿ ಅದೇ ಮೊದಲು.

ಹದಿನೆಂಟನೇ ತಾರೀಕು ಥರ್ಮಾಮೀಟರ್ ಹನ್ನೊಂದು ತೋರಿಸಿತು. ಅದನ್ನು ಕಿಂಡಿಯೊಳಕ್ಕೆ ಇನ್ನೂ ಆಳವಾಗಿ ತುರುಕಿದೆ. ಹತ್ತಕ್ಕೆ ಬಂತು. ಥರ್ಮಾಮೀಟರ್ ಹಳೆಯದಾಯಿತು ಎಂದುಕೊಂಡೆ. ಮರುದಿನ ಫ್ರಿಜ್ಜಣ್ಣ ಅಂಗಡಿಗೆ ಹೋಗುವ ದಾರಿಯಲ್ಲಿ ನಿಂತ. "ನಾಳೆ ಹೊರಡ್ತೀರಲ್ಲ. ಒಂದ್ಸಲ ನೋಡ್ಲಾ?"

"ನನ್ನ ಕೆಲಸಾನ ನೀನು ಪರೀಕ್ಷೆ ಮಾಡೋದಾ? ನಿನ್ನ ಫ್ರಿಜ್ಜುಗಳನ್ನ ನೋಡ್ಕೋ ಹೋಗು, ಹಾಲು ಒಡೀತಿದೆಯಂತೆ."

ಅವನು ನಕ್ಕು ಹೋದ. ಅಷ್ಟೇ ಮಾತಾಡುವ ಮನುಷ್ಯ, ಎರಡನೇ ಸಲ ಕೇಳಲಿಲ್ಲ.

ಇಪ್ಪತ್ತರಂದು ಎಂಟಕ್ಕೆ ಹೊರಟೆವು. ಅಕ್ಕ ಗಿರಣಿಯ ದಿನಗಳ ನೀಲಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಕರವಸ್ತ್ರ. ಹಿಡಿ ಎಳೆಯುವಾಗ ಕೈ ಬೆವರಬಾರದಂತೆ. ಮಗಳು ಹಿಂದೆ ಕೂತು, ಬೇಕಿರಲಿ ಬೇಡವಾಗಿರಲಿ ಎಂದು ಎರಡು ಫ್ಲಾಸ್ಕ್ ತಣ್ಣೀರು, ಟವೆಲ್ಲು ಇಟ್ಟುಕೊಂಡಿದ್ದಳು.

"ಅದೆಲ್ಲ ಯಾಕಮ್ಮ? ನೀರು ಮಂಜುಗಡ್ಡೆಯಾಗಿ ಫ್ಲಾಸ್ಕ್ ಒಡೆದೀತು!" ಎಂದೆ.

ಒಂದು ಗಂಟೆ ಚೆನ್ನಾಗಿಯೇ ಹೋಯಿತು. ಒಂಬತ್ತೂವರೆಯ ಹೊತ್ತಿಗೆ ಬಿಸಿಲು ರಸ್ತೆಯನ್ನು ಬೆಳ್ಳಗೆ ಮಾಡಿತು. ಆಗ ಬಾನೆಟ್ಟಿನ ಕೆಳಗೆ ಟಕ್, ಟಕ್, ಟಕ್ ಶುರುವಾಯಿತು. ಕಂಪ್ರೆಸರ್ ಹಿಡಿಯುವುದು, ಬಿಡುವುದು. ನನಗೆ ಗೊತ್ತಾಯಿತು. ಒಳಗೆ ಗ್ಯಾಸ್ ಕಡಿಮೆಯಿದ್ದರೆ ಅದು ಹಾಗೆ ಪರದಾಡುತ್ತದೆ.

"ಏನೋ ಅದು ಸದ್ದು?" ಎಂದಳು ಅಕ್ಕ.

"ಏರು ರಸ್ತೆ ಅಕ್ಕ. ಇಂಜಿನ್ನು ಲೆಕ್ಕ ಹಾಕ್ಕೊಳ್ತಾ ಇದೆ."

"ರಸ್ತೆ ಮಟ್ಟಸವಾಗಿದೆ ಮಾಮ," ಎಂದಳು ಹಿಂದಿನಿಂದ ಮಗಳು.

ಹತ್ತು ನಿಮಿಷದಲ್ಲಿ ಟಕ್ ಎನ್ನುವುದೂ ನಿಂತಿತು. ಕಿಂಡಿಯಿಂದ ಬಿಸಿಗಾಳಿ. ಕಿಟಕಿ ಇಳಿಸಿದರೆ ಹೊರಗಿನದು ಅದಕ್ಕಿಂತ ಬಿಸಿ. ಮಗಳು ಟವೆಲ್ ಒದ್ದೆ ಮಾಡಿ ಅಮ್ಮನ ಕುತ್ತಿಗೆಗೆ ಸುತ್ತಿದಳು. ನನಗೆ ಬೈದಿದ್ದರೆ ಚೆನ್ನಾಗಿತ್ತು.

"ಟ್ಯಾಕ್ಸಿಗೆ ಫೋನ್ ಮಾಡು," ಎಂದೆ.

"ಮಾಡ್ದೆ. ಇಲ್ಲಿಗೆ ಬರೋಕೆ ಎರಡು ಗಂಟೆ ಅಂತೆ."

"ಹೋಗೋಣ, ನಿಲ್ಲಿಸಬೇಡ," ಎಂದಳು ಅಕ್ಕ. ನಿಲ್ಲಿಸಲಿಲ್ಲ. ಹತ್ತೂವರೆಗೆ ಕೇಳಿದಳು, "ಎದುರಿಗೆ ಬರ್ತಿರೋದು ಬಸ್ಸೋ, ಮನೇನೋ?" ಎದುರಿಗೆ ಏನೂ ಇರಲಿಲ್ಲ. ಮಗಳು ಮುಂದೆ ಬಾಗಿ ಅಮ್ಮನ ಮೊಣಕಾಲನ್ನು ಚಿವುಟಿದಳು. ಅಕ್ಕನಿಗೆ ಗೊತ್ತಾಗಲಿಲ್ಲ. "ಸಾಕು ಮಾಮ, ನಿಲ್ಸಿ," ಎಂದಳು ಮಗಳು.

ರಸ್ತೆ ಪಕ್ಕದಲ್ಲಿ ಒಂದು ಐಸ್ ಫ್ಯಾಕ್ಟರಿ ಸಿಕ್ಕಿತು. ತಗಡಿನ ಉದ್ದನೆಯ ಶೆಡ್ಡು, ಒಳಗೆ ಪಾಚಿ ಹಿಡಿದ ನೆಲ, ಆಳೆತ್ತರದ ಮಂಜುಗಡ್ಡೆಗಳು. ಅಕ್ಕನನ್ನು ಎತ್ತಿಕೊಂಡೇ ಹೋದೆ. ನೂರು ಮೂಟೆ ಹೊತ್ತವನೆಂದು ಜಂಬ ಕೊಚ್ಚಿದ ಭುಜ ಇದು. ಅಕ್ಕ ಇಷ್ಟು ಹಗುರವಾಗಿದ್ದಾಳೆಂದು ಅದಕ್ಕೆ ಗೊತ್ತೇ ಇರಲಿಲ್ಲ. ಫ್ಯಾಕ್ಟರಿಯ ಮೇಸ್ತ್ರಿ ಏನೂ ಕೇಳದೆ ಬೆಂಚಿನ ಮೇಲೆ ಗೋಣಿ ಹಾಸಿ ಕೂರಿಸಿದ. ಮಂಜುಗಡ್ಡೆಯ ಆವಿ ಅವಳ ಸುತ್ತ ಸುಳಿಯಿತು. ಅರ್ಧ ಗಂಟೆಯಲ್ಲಿ ಕಣ್ಣು ತಿಳಿಯಾಯಿತು. "ಗಂಟೆ ಎಷ್ಟು?" ಎಂದಳು.

ಹನ್ನೊಂದೂಕಾಲು. ಇನ್ನೂ ಒಂದೂವರೆ ಗಂಟೆಯ ದಾರಿಯಿತ್ತು.

ಅಕ್ಕ ಕರವಸ್ತ್ರವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ಆಮೇಲೆ, "ಜೋಡಿ ಮಗ್ಗದವಳಿಗೆ ಫೋನ್ ಹಚ್ಚು," ಎಂದು ಮಗಳಿಗೆ ಹೇಳಿದಳು. ಹದಿನೈದನೇ ಮಗ್ಗದಲ್ಲಿ ಇಪ್ಪತ್ತು ವರ್ಷ ಅವಳ ಪಕ್ಕದಲ್ಲೇ ನಿಂತವಳು ಆಕೆ. ಆಕೆಯ ಧ್ವನಿ ನನಗೂ ಕೇಳಿಸಿತು: "ಎಲ್ಲಿದ್ದೀಯೇ? ಎಲ್ಲ ಬಂದಾಯ್ತು, ನಿಂಗೇ ಕಾಯ್ತಿದ್ದೀವಿ. ಏನು, ಬರಲ್ವಾ? ಅಯ್ಯೋ, ಏನೇ ಇದು! ಕರೆಂಟು ಹನ್ನೆರಡೂವರೆಗೆ ಕತ್ತರಿಸ್ತಾರಂತೆ ಕಣೇ, ಇಲ್ದಿದ್ರೆ ಸಂಜೆ ತನಕ ಕಾಯ್ತಿದ್ವಿ... ಸರಿ, ಮಗ್ಗದ ಹತ್ರ ಫೋನ್ ಹಿಡೀತೀನಿ. ಕೇಳಿಸ್ಕೋ."

ಹನ್ನೆರಡಾಯಿತು. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ಶೆಡ್ಡಿನ ಮೂಲೆಯಲ್ಲಿ ಐಸ್ ಮಾಡುವ ಯಂತ್ರ ರೈಲಿನಂತೆ ಗುಡುಗುತ್ತಿತ್ತು. "ಏನೂ ಕೇಳಿಸ್ತಿಲ್ಲ," ಎಂದಳು. ಮೇಸ್ತ್ರಿ ಕೈ ಮುಗಿದ, ಅದನ್ನು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ತೊಟ್ಟಿಯಲ್ಲಿರುವುದೆಲ್ಲ ಕೆಡುತ್ತದೆ ಎಂದ.

"ಹೊರಗೆ ಕರ್ಕೊಂಡು ಹೋಗೋ," ಎಂದಳು ಅಕ್ಕ ನನಗೆ.

"ಬಿಸಿಲಕ್ಕ..."

"ಗೊತ್ತು. ಕರ್ಕೊಂಡು ಹೋಗು."

ಮೆಟ್ಟಿಲ ಮೇಲೆ ಕೂರಿಸಿದೆವು. ಮಗಳು ಒದ್ದೆ ಟವೆಲ್ಲು ತಲೆಗೆ ಹಿಡಿದಳು, ನಾನು ಬಿಸಿಲಿಗೆ ಅಡ್ಡ ನಿಂತೆ. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಮನುಷ್ಯನ ನೆರಳು ಎಷ್ಟು? ನನ್ನ ಕಾಲಬುಡದಲ್ಲೊಂದು ತಟ್ಟೆಯಷ್ಟು. ಮೈ ಎಷ್ಟು ಉಬ್ಬಿಸಿದರೂ ಅಷ್ಟೇ.

ಅಕ್ಕ ಕೇಳಿಸಿಕೊಂಡಳು. ಫೋನಿನಿಂದಾಚೆ ನನಗೆ ಕೇಳಿಸಿದ್ದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು. ಅವಳ ಬಲಗಾಲು ಅದರ ತಾಳಕ್ಕೆ ಎದ್ದೆದ್ದು ಬೀಳಲು ನೋಡುತ್ತಿತ್ತು, ಆಗುತ್ತಿರಲಿಲ್ಲ. "ಎಡಗಡೆ ಬೆಲ್ಟ್ ಸಡಿಲ ಇದೆ," ಎಂದಳು. "ಯಾರೂ ನೋಡಿಲ್ಲ ಅದನ್ನ." ಕಣ್ಣು ಎತ್ತಲೋ ನೆಟ್ಟಿತ್ತು. ಕಾಣುತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಬಲಗೈ ಮಾತ್ರ ಕರವಸ್ತ್ರದ ಸಮೇತ ನಿಧಾನವಾಗಿ ಎದ್ದು ಗಾಳಿಯಲ್ಲಿ ನಿಂತಿತು.

ಸದ್ದು ಥಟ್ಟನೆ ನಿಂತಿತು. ಅತ್ತ ಚಪ್ಪಾಳೆ.

ಅಕ್ಕನ ಕೈ ಇನ್ನೂ ಮೇಲೇ ಇತ್ತು. "ಬೇಗ ಎಳೆದುಬಿಟ್ರು," ಎಂದಳು. "ಲಾಳಿ ಆ ಕಡೆ ಗೂಡು ಸೇರೋ ತನಕ ಕಾಯ್ಬೇಕಿತ್ತು. ನಡುವಲ್ಲೇ ನಿಂತುಬಿಡ್ತು ನೋಡು. ಯಾರು ಎಳೆದದ್ದು?"

ಫೋನಿನಲ್ಲಿ ಕೇಳಿದಳು. ಮ್ಯಾನೇಜರಂತೆ. ಮೂರು ತಿಂಗಳ ಹಿಂದೆ ಬಂದವನು.

ಬಿಸಿಲು ಇಳಿಯುವವರೆಗೆ ಐಸಿನ ಪಕ್ಕದಲ್ಲಿದ್ದು, ಕಿಟಕಿ ತೆರೆದುಕೊಂಡು ಮನೆಗೆ ಬಂದೆವು. ನಲವತ್ತು ವರ್ಷದಲ್ಲಿ ಮೊದಲ ಬಾರಿ ನಾನು ಮೂರು ಗಂಟೆ ಬಾಯಿ ಮುಚ್ಚಿಕೊಂಡಿದ್ದೆ. ಅಕ್ಕನ ಕಾಲು ಎರಡು ದಿನಕ್ಕೆ ಸರಿಯಾಯಿತು. ಎಡಗಣ್ಣು ಪೂರ್ತಿ ಮರಳಲಿಲ್ಲ. ಅಂಚಿನಲ್ಲಿ ಒಂದು ಮಂಜು ಉಳಿದೇ ಬಿಟ್ಟಿದೆ.

ಮರುದಿನ ಬೆಳಗ್ಗೆ ಫ್ರಿಜ್ಜಣ್ಣ ಬಂದ. ಕರೆಯಲು ನಾನೇ ಹೋಗಿದ್ದೆ. ಕಾರಿನಲ್ಲಿದ್ದ ಗ್ಯಾಸನ್ನೆಲ್ಲ ಡಬ್ಬಿಗೆ ಎಳೆದು ಅದೇ ತಕ್ಕಡಿಯ ಮೇಲಿಟ್ಟ. ಇನ್ನೂರ ತೊಂಬತ್ತು ಗ್ರಾಂ. ಖಾಲಿಯಾದ ಪೈಪುಗಳೊಳಗೆ ಒಣಗಾಳಿ ತುಂಬಿಸಿ, ಮೇಲೆಲ್ಲ ಸೋಪು ನೀರು ಬಳಿದು ನೋಡಿದ. ಒಂದು ರಿಂಗಿನಲ್ಲೂ ಗುಳ್ಳೆ ಏಳಲಿಲ್ಲ.

"ರಿಂಗ್ ಕೂರಿಸಿರೋದು ಚೆನ್ನಾಗಿದೆ," ಎಂದ. ಆಮೇಲೆ ಮುಚ್ಚಳವಿಲ್ಲದ ಬಾಯಿಯ ಮೇಲೆ ಎಂಜಲು ಬೆರಳು ಇಟ್ಟ. ಒಂದು ಗುಳ್ಳೆ, ತುಂಬ ಸಾವಕಾಶವಾಗಿ, ಉಬ್ಬಿತು. "ಇದು ಸಣ್ಣದು. ಇಪ್ಪತ್ತು ಗ್ರಾಂ ಹೋಗಿರಬಹುದು. ಉಳಿದದ್ದು ಎಲ್ಲಿ?" ಮೀಟರಿನ ಉದ್ದನೆಯ ಪೈಪುಗಳನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿದ. "ಸಿಕ್ಕಿಸಿದ್ಯಾ ಮತ್ತೆ?"

ಹೌದೆಂದು ತಲೆಯಾಡಿಸಿದೆ.

"ಒಂದ್ಸಲ ಸಿಕ್ಕಿಸಿದ್ರೆ ಈ ಪೈಪಿನ ಹೊಟ್ಟೆ ತುಂಬುತ್ತೆ. ಕಳಚಿದಾಗ ಅಷ್ಟೂ ಹೊರಗೆ. ಇಪ್ಪತ್ತು ಗ್ರಾಂ. ಅದಕ್ಕೇ ಮರೆತುಬಿಡು ಅಂದಿದ್ದು." ಅವನ ಮಟ್ಟಿಗೆ ಅದು ಭಾಷಣ. "ಎಷ್ಟು ಸಲ?"

ಒದ್ದೆ ಬಟ್ಟೆ ಕಟ್ಟಿದ ಕಿಟಕಿಯ ಆಚೆ ಅಕ್ಕ ಕೂತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿತ್ತು. ಬೇರೆ ಯಾವ ದಿನವಾದರೂ ಲಕ್ಷ ಸಲ ಎನ್ನುತ್ತಿದ್ದೆ, ಇಲ್ಲವೇ ಒಂದೂ ಇಲ್ಲ ಎನ್ನುತ್ತಿದ್ದೆ. ಮೇಷ್ಟ್ರಿಂದ ಶುರುಮಾಡಿ ಒಬ್ಬೊಬ್ಬರ ಮುಖವನ್ನೂ ನೆನೆದು ಎಣಿಸಿದೆ. ಪೇಪರಿನವನು ಎರಡು ಸಲ ಬಂದಿದ್ದ.

"ಹದಿನೇಳು."

ಫ್ರಿಜ್ಜಣ್ಣ ತುಟಿಯಲ್ಲೇ ಗುಣಿಸಿದ. ಮುನ್ನೂರ ನಲವತ್ತು. ಅದಕ್ಕೆ ಇಪ್ಪತ್ತು ಸೇರಿಸಿದ. ತಕ್ಕಡಿ ನೋಡಿದ. ಲೆಕ್ಕ ಗ್ರಾಮಿಗೆ ಗ್ರಾಂ ಸರಿಹೋಗಿತ್ತು.

"ಹದಿನಾರು ಅನ್ನೋ," ಎಂದಳು ಅಕ್ಕ ಕಿಟಕಿಯಿಂದ. "ಒಂದ್ಸಲ ತೋರಿಸು ಅಂದವಳು ನಾನು."

ಫ್ರಿಜ್ಜಣ್ಣ ಗ್ಯಾಸ್ ತುಂಬಿಸಿ, ಹೊಸ ಮುಚ್ಚಳ ಹಾಕಿ, ಮೀಟರನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋದ. ಈಗ ಎರಡು ಬೇಸಿಗೆ ಕಳೆದಿವೆ. ಕಾರು ಇವತ್ತಿಗೂ ಆರು ಡಿಗ್ರಿ ಕೊಡುತ್ತದೆ. ದರ್ಜಿ ಒಮ್ಮೆ ತನ್ನ ಭಾವಮೈದುನನನ್ನು ಕರೆದುತಂದು, "ಡಂಗುರ, ಆ ನಾಡಿ ತೋರಿಸಯ್ಯ ಇವನಿಗೆ," ಎಂದ. ಕಾರಿಗೆ ನಾಡಿಯೆಲ್ಲಿಂದ ಬಂತು, ಹೋಗಯ್ಯ, ಎಂದು ಬಾನೆಟ್ಟು ಮುಚ್ಚಿದೆ.

ಮೊನ್ನೆ ಕಾರು ತೊಳೆದು, ಒಳಗೆಲ್ಲ ತಣ್ಣಗೆ ಮಾಡಿ, ಅಕ್ಕನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. "ಅಕ್ಕಾ, ಗಾಡಿ ರೆಡಿ ಇದೆ. ಎಲ್ಲಿಗೆ ಬೇಕಾದ್ರೂ ಹೋಗೋಣ, ಮಧ್ಯಾಹ್ನ ಆದ್ರೂ ಸರಿ. ಹೇಳು, ಎಲ್ಲಿಗೆ?"

ಅವಳು ಬಹಳ ಹೊತ್ತು ಯೋಚಿಸಿದಳು. ನಿಜವಾಗಿಯೇ ಯೋಚಿಸಿದಳು. ಒಂದೊಂದು ಊರನ್ನೂ ಒಂದೊಂದು ಮನೆಯನ್ನೂ ಮನಸ್ಸಿನಲ್ಲೇ ನೋಡಿಬರುತ್ತಿದ್ದಂತೆ ಕಂಡಿತು.

"ಎಲ್ಲಿಗೂ ಏನಿಲ್ಲ ಕಣೋ," ಎಂದಳು. "ಬಿಸಿಲಲ್ಲಿ ನಿಲ್ಲಿಸಿದ್ದೀಯ ನೋಡು. ನೆರಳಿಗೆ ಹಾಕು, ಬಣ್ಣ ಹೋಗುತ್ತೆ."

ಹೋಗಿ ನೆರಳಿಗೆ ಹಾಕಿದೆ.